ಎರಡನೇ ಕಿವಿ

ಗಂಡ ಸತ್ತ ಮೂರನೇ ವಾರ ನಾನು ಕೆಲಸಕ್ಕೆ ಹೋದೆ. ಮನೆಯಲ್ಲಿ ಮಾಡಲು ಏನೂ ಉಳಿದಿರಲಿಲ್ಲ. ನೆಂಟರು ಹೊರಟುಹೋಗಿದ್ದರು. ಎರವಲು ತಂದ ಕುರ್ಚಿಗಳು ಪಕ್ಕದ ಮನೆ ಸೇರಿದ್ದವು. ಅತ್ತೆ ಕಿಟಕಿಯ ಬಳಿ ಕೂತು ನನ್ನನ್ನು ನೋಡುತ್ತಿದ್ದರು, ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಅವರನ್ನು ನೋಡುತ್ತಿದ್ದೆ. ಇಬ್ಬರಿಗೂ ಅಳು ಬರುತ್ತಿರಲಿಲ್ಲ. ಗೋಡೆ ಕಾಯೋಕೆ ನಾನೊಬ್ಬಳು ಸಾಕು, ನೀನು ಹೋಗು ಎಂದರು.

ನಮ್ಮದು ನಿಘಂಟಿನ ಕಚೇರಿ. ಮೂರನೇ ಮಹಡಿಯಲ್ಲಿ ಒಂದು ಉದ್ದನೆಯ ಕೋಣೆ, ಐದು ಮೇಜು, ಗೋಡೆ ತುಂಬ ಮರದ ಡ್ರಾಯರುಗಳು. ಇಂಗ್ಲಿಷಿನಿಂದ ಬಂದು ನಮ್ಮ ಬಾಯಲ್ಲಿ ಮನೆ ಮಾಡಿಕೊಂಡ ಶಬ್ದಗಳನ್ನು ಅಲ್ಲಿ ಕೂಡಿಹಾಕುತ್ತೇವೆ. ಯಾವ ಶಬ್ದ ಎಲ್ಲಿ ಹುಟ್ಟಿತು, ಇಲ್ಲಿಗೆ ಬಂದಮೇಲೆ ಯಾರ ಬಾಯಲ್ಲಿ ಯಾವ ಅರ್ಥ ಪಡೆಯಿತು ಎಂದು ಬರೆಯುವುದು ಕೆಲಸ. ನನ್ನ ಗಂಡ ಶಬ್ದ ಸಂಗ್ರಹಿಸುವವನು, ನಾನು ಕರಡು ತಿದ್ದುವವಳು. ಮೂರು ವರ್ಷ ಅಕ್ಕಪಕ್ಕದ ಮೇಜಿನಲ್ಲಿ ಕೂತಿದ್ದೆವು. ಒಂದು ಬೆಳಿಗ್ಗೆ ಅವನು ನನಗಿಂತ ಮೊದಲು ಹೊರಟ. ಬಸ್ ನಿಲ್ದಾಣದಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಮೂವತ್ತಮೂರು ವರ್ಷ.

ಡ್ರಾಯರುಗಳನ್ನು ನೋಡಿಕೊಳ್ಳುವ ಹಿರಿಯಳಿಗೆ ನಾವೆಲ್ಲ ಡ್ರಾಯರ್ ಅಕ್ಕ ಎನ್ನುತ್ತೇವೆ. ಇಪ್ಪತ್ತಾರು ವರ್ಷದಿಂದ ಅಲ್ಲಿದ್ದಾಳೆ. ನನ್ನನ್ನು ನೋಡಿದವಳೇ ಸಮಾಧಾನದ ಮಾತು ಹೇಳುವ ಗೋಜಿಗೆ ಹೋಗದೆ, ಕೈ ಹಿಡಿದು ಅವನ ಮೇಜಿನ ಬಳಿ ಕರೆದೊಯ್ದಳು. ರಬ್ಬರು ಹಾಕಿದ ಕಾರ್ಡುಗಳ ಒಂದು ಕಟ್ಟು ಅಲ್ಲಿತ್ತು. ಮೇಲೆ ಅವನ ಕೈಬರಹದಲ್ಲಿ ‘ಬಾರ್’ ಎಂದಿತ್ತು.

ಅದು ಅವನ ಹೆಸರಿಗೆ ಕೊಟ್ಟಿದ್ದ ಮೊದಲ ಶಬ್ದ. ನಮ್ಮಲ್ಲಿ ಮೊದಲ ಎರಡು ವರ್ಷ ಯಾರಿಗೂ ಸ್ವಂತ ಶಬ್ದ ಸಿಗುವುದಿಲ್ಲ, ಹಿರಿಯರ ಹಿಂದೆ ಕಾರ್ಡು ಹೊತ್ತುಕೊಂಡು ತಿರುಗಬೇಕು. ಆಮೇಲೆ ಒಂದು ಶಬ್ದ ಕೊಡುತ್ತಾರೆ. ಅಚ್ಚಾದಾಗ ಆ ಶಬ್ದದ ಕೊನೆಯ ಸಾಲಿನಲ್ಲಿ ಸಂಗ್ರಹಿಸಿದವರ ಹೆಸರಿನ ಎರಡು ಅಕ್ಷರ ಸಣ್ಣದಾಗಿ ಬರುತ್ತದೆ. ಅಷ್ಟೇ. ಆದರೆ ಅವನು ಅದನ್ನು ಅತ್ತೆಗೆ ಹೇಳಿದ್ದ. ಅತ್ತೆ ಇಡೀ ಬೀದಿಗೆ ಹೇಳಿದ್ದರು. ನನ್ನ ಮಗನ ಅಕ್ಷರ ಪುಸ್ತಕದಲ್ಲಿ ಬರುತ್ತೆ ಎಂದು ತರಕಾರಿಯವಳಿಗೂ ಗೊತ್ತಿತ್ತು.

ನಮ್ಮ ಕಚೇರಿಯ ಎರಡು ನಿಯಮ ಇಲ್ಲಿ ಹೇಳಬೇಕು. ಎರಡನ್ನೂ ಮಾಡಿದವರು ಪ್ರಧಾನ ಸಂಪಾದಕರು. ಅವರಿಗೆ ಎಲ್ಲರೂ ದೊಡ್ಡವರು ಎನ್ನುತ್ತಾರೆ.

ಒಂದು ಅರ್ಥಕ್ಕೆ ಒಂದು ಕಾರ್ಡು. ಮೇಲಿನ ಅರ್ಧದಲ್ಲಿ ಅರ್ಥ ಮತ್ತು ಅದನ್ನು ಕೇಳಿದ ಜಾಗ. ಕೆಳಗಿನ ಅರ್ಧದಲ್ಲಿ ಆ ಜಾಗದ ಜನ ಆಡಿದ ಒಂದು ವಾಕ್ಯ, ಆಡಿದವರು ಯಾರು, ಯಾವ ದಿನ. ಬರೆದಮೇಲೆ ಕೆಳಗಿನ ಅರ್ಧವನ್ನು ಮಡಚಿ ಅಂಟುಹಾಕಬೇಕು. ಆಮೇಲೆ ಇನ್ನೊಬ್ಬರು ಅದೇ ಜಾಗಕ್ಕೆ ಹೋಗಿ, ಮಡಿಕೆಯೊಳಗೆ ಏನಿದೆ ಎಂದು ನೋಡದೆ, ಆ ಶಬ್ದ ತಾನಾಗಿ ಯಾರದಾದರೂ ಬಾಯಿಂದ ಬರುವವರೆಗೆ ಕಾಯಬೇಕು. ಕೇಳಿ ಹೇಳಿಸಬಾರದು. ಕಿವಿಗೆ ಬಿದ್ದಮೇಲೆ ಮಡಿಕೆ ಬಿಡಿಸಿ ಎರಡನ್ನೂ ಹೋಲಿಸಿ, ಹೊಂದಿದರೆ ಹಿಂಬದಿಗೆ ರುಜು ಹಾಕಬೇಕು. ಹೀಗೆ ಹೋಗುವವರನ್ನು ಎರಡನೇ ಕಿವಿ ಎನ್ನುತ್ತೇವೆ. ಎರಡನೇ ಕಿವಿ ಬೀಳದ ಕಾರ್ಡು ಅಚ್ಚಿಗೆ ಹೋಗುವುದಿಲ್ಲ.

ಇನ್ನೊಂದು ನಿಯಮ ಅಕ್ಷರದ್ದು. ಎರಡನೇ ಕಿವಿಗೆ ಅಕ್ಷರವಿಲ್ಲ. ಆದರೆ ಬೇರೆಯವರು ಒಂದು ಕಾರ್ಡನ್ನು ತೆಗೆದರೂ, ಒಂದು ಸಾಲು ಹೊಡೆದುಹಾಕಿದರೂ, ಶಬ್ದ ಪೂರ್ತಿ ಅವರದಾಗುತ್ತದೆ, ಅಕ್ಷರವೂ ಅವರದೇ. ನಾಳೆ ಓದುಗರು ಇದು ತಪ್ಪು ಎಂದು ಕಾಗದ ಬರೆದರೆ ಉತ್ತರ ಕೊಡಲು ಒಂದೇ ತಲೆ ಇರಬೇಕು ಎನ್ನುವುದು ದೊಡ್ಡವರ ವಾದ.

ಕಟ್ಟಿನಲ್ಲಿ ಹದಿನೇಳು ಕಾರ್ಡುಗಳಿದ್ದವು. ಹದಿಮೂರಕ್ಕೆ ಹಿಂಬದಿಯಲ್ಲಿ ರುಜು ಇತ್ತು. ನಾಲ್ಕು ಇನ್ನೂ ಅಂಟಿಕೊಂಡಿದ್ದವು.

ದೊಡ್ಡವರು ನನ್ನನ್ನು ಕರೆದು ಕುರ್ಚಿ ತೋರಿಸಿದರು. ಕನ್ನಡಕ ಒರೆಸಿದರು, ಮತ್ತೆ ಒರೆಸಿದರು. ಶುಕ್ರವಾರ ಈ ಭಾಗದ ಹಾಳೆಗಳು ಅಚ್ಚಿಗೆ ಹೋಗುತ್ತವೆ, ಉಳಿದವರೆಲ್ಲ ತಮ್ಮ ತಮ್ಮ ಶಬ್ದಗಳಲ್ಲಿ ಮುಳುಗಿದ್ದಾರೆ, ಹಾಗಾಗಿ ಈ ನಾಲ್ಕು ಕಾರ್ಡು ತೆಗೆದು ಉಳಿದದ್ದನ್ನು ತಾವೇ ಮುಗಿಸುವುದಾಗಿ ಹೇಳಿದರು. ಆಗ ಅಕ್ಷರ ತಮ್ಮದಾಗುತ್ತದೆ ಎಂದು ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ.

"ಎರಡನೇ ಕಿವಿಗೆ ನಾನು ಹೋಗ್ತೀನಿ" ಎಂದೆ.

"ಇವತ್ತು ಸೋಮವಾರ ಕಣಮ್ಮ."

"ನಾಲ್ಕು ಕಾರ್ಡು, ನಾಲ್ಕು ದಿನ."

"ಜಾಗ ಯಾವ್ಯಾವುದು ಅಂತ ನೋಡಿದೀಯಾ?"

ನೋಡಿದ್ದೆ. ಕೋರ್ಟು, ಕುಡಿಯುವ ಬಾರು, ಪಂಪು ರಿಪೇರಿ ಅಂಗಡಿ, ಸೋಪಿನ ಕಾರ್ಖಾನೆ. ದೊಡ್ಡವರು ಎರಡನೆಯದರ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು. ನಾನು ಕಾರ್ಡುಗಳನ್ನು ಚೀಲಕ್ಕೆ ಹಾಕಿಕೊಂಡೆ.

ಕೋರ್ಟು ಸುಲಭವಾಯಿತು. ಆ ದಿನವೇ ಹನ್ನೊಂದು ಗಂಟೆಗೆ ಹೋಗಿ ವಕೀಲರ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತೆ. ಹತ್ತು ನಿಮಿಷವೂ ಆಗಿರಲಿಲ್ಲ, ಇಬ್ಬರು ಕಪ್ಪು ಕೋಟಿನವರು ಚುನಾವಣೆಯ ಜಗಳ ಆಡುತ್ತಾ ಬಂದರು. ಬಾರ್ ಒಗ್ಗಟ್ಟಾಗಿಲ್ಲದಿದ್ದರೆ ಜಡ್ಜುಗಳು ನಮ್ಮ ತಲೆ ಮೇಲೆ ಕೂರುತ್ತಾರೆ ಎಂದು ಒಬ್ಬರು ಇನ್ನೊಬ್ಬರ ಎದೆಗೆ ಬೆರಳು ತಿವಿದರು. ಮಡಿಕೆ ಬಿಡಿಸಿದೆ. ಅವನೂ ಹೆಚ್ಚುಕಡಿಮೆ ಅದನ್ನೇ ಕೇಳಿದ್ದ. ವಕೀಲರ ಜಗಳ ಏಳು ತಿಂಗಳಲ್ಲಿ ಒಂದು ಹೆಜ್ಜೆಯೂ ಮುಂದೆ ಹೋಗಿರಲಿಲ್ಲ.

ಈ ಎಲ್ಲ ಅರ್ಥಗಳಿಗೂ ಮೂಲ ಒಂದು ಮರದ ಪಟ್ಟಿ. ಹಳೆಯ ಫ್ರೆಂಚಿನಲ್ಲಿ ಬಾಗಿಲಿಗೆ ಅಡ್ಡವಾಗಿ ಹಾಕುತ್ತಿದ್ದ ಪಟ್ಟಿ ಅದು. ಅದಕ್ಕೂ ಹಿಂದೆ ಏನಿತ್ತೆಂದು ಯಾರಿಗೂ ತಿಳಿಯದು. ನ್ಯಾಯಾಧೀಶರನ್ನೂ ಉಳಿದವರನ್ನೂ ಬೇರೆ ಮಾಡುವ ಕಟಕಟೆ ಬಾರ್ ಆಯಿತು, ಆಮೇಲೆ ಅದರ ಬಳಿ ನಿಂತು ವಾದಿಸುವವರೆಲ್ಲ ಒಟ್ಟಾಗಿ ಬಾರ್ ಆದರು. ಹೆಂಡ ಕೊಡುವವನಿಗೂ ಕುಡಿಯುವವನಿಗೂ ನಡುವೆ ಅಡ್ಡ ನಿಂತ ಹಲಗೆ ಬಾರ್ ಆಯಿತು, ಆಮೇಲೆ ಅಂಗಡಿಯೇ ಬಾರ್ ಆಯಿತು. ಬಂದರಿನ ಬಾಯಿಗೆ ಅಡ್ಡ ಬಿದ್ದ ಮರಳಿನ ದಿಬ್ಬಕ್ಕೂ ಅದೇ ಹೆಸರು. ಅಡ್ಡ ನಿಲ್ಲುವುದು ಅದರ ಹುಟ್ಟುಗುಣ ಎಂದು ಅವನು ಹೇಳುತ್ತಿದ್ದ.

ಮಂಗಳವಾರ ಬಾರಿಗೆ ಹೋಗಬೇಕಿತ್ತು. ಹಿಂದಿನ ದಿನ ಅತ್ತೆಗೆ ಹೇಳಿದೆ. ಅವರು, ಹೋಗುವುದಾದರೆ ಮಧ್ಯಾಹ್ನವೇ ಹೋಗು, ತಲೆ ತಗ್ಗಿಸಿಕೊಂಡು ಮಾತ್ರ ಹೋಗಬೇಡ ಎಂದರು. ನೋಡಿದವರು ನಾಲ್ಕು ಮಾತಾಡಿದರೆ, ನಾನೇ ಕಳಿಸಿದೆ, ನನಗೂ ಒಂದು ಬಾಟಲಿ ತರಹೇಳಿದ್ದೆ ಎನ್ನುತ್ತೇನೆ ಎಂದರು. ಅವನು ಸತ್ತಮೇಲೆ ಅವರು ಆಡಿದ ಮೊದಲ ತಮಾಷೆ ಅದು. ನಗು ಇಬ್ಬರಿಗೂ ಬರಲಿಲ್ಲ. ಆದರೆ ಅದು ತಮಾಷೆ ಎಂದು ಗೊತ್ತಾಯಿತು.

ಬಾರಿನೊಳಗೆ ಹಗಲಲ್ಲೂ ದೀಪ ಉರಿಯುತ್ತಿತ್ತು. ಫಿನಾಯಿಲ್ ವಾಸನೆ. ಮೂಲೆಯ ಮೇಜಿನಲ್ಲಿ ಮೂವರು ಗಂಡಸರು, ನಾನು ಒಳಗೆ ಬಂದ ಕೂಡಲೇ ಅವರ ಮಾತು ನಿಂತಿತು. ಸಪ್ಲೈಯರ್ ಓಡಿ ಬಂದು, ಮೇಡಂ ಯಾರನ್ನಾದರೂ ಹುಡುಕುತ್ತಿದ್ದೀರಾ ಎಂದ. ಇಲ್ಲ, ಒಂದು ಸೋಡಾ ಕೊಡಿ ಎಂದೆ. ಜೊತೆಗೆ ಯಾರಾದರೂ ಬರುತ್ತಾರಾ ಎಂದ. ಬರುವುದಿಲ್ಲ ಎಂದೆ. ನನ್ನ ಮುಖದಲ್ಲಿ ಏನು ಕಂಡನೋ, ಮತ್ತೆ ಕೇಳಲಿಲ್ಲ. ಸೋಡಾ ತಂದಿಟ್ಟು, ಫ್ಯಾನನ್ನು ನನ್ನ ಕಡೆ ತಿರುಗಿಸಿ ಹೋದ.

ಆ ಕಾರ್ಡಿನ ಮೇಲ್ಭಾಗದಲ್ಲಿ ಅವನು ಬರೆದ ಅರ್ಥ ‘ಹಲಗೆ ಮಾತ್ರ’ ಎಂದಿತ್ತು. ಹೊರಗಿನವರಿಗೆ ಇಡೀ ಅಂಗಡಿ ಬಾರ್. ಅಲ್ಲಿ ದುಡಿಯುವವರಿಗೆ ಆ ಅಡ್ಡ ಹಲಗೆಯೊಂದೇ ಬಾರ್, ಉಳಿದದ್ದು ಅಂಗಡಿ. ನಾನೂರು ವರ್ಷ ಹಿಂದಿನ ಅರ್ಥ, ಏನೂ ಓದದವರ ಬಾಯಲ್ಲಿ ಹಾಗೇ ಉಳಿದಿದೆ ಎಂದು ಅವನಿಗೆ ಬಹಳ ಖುಷಿ. ಆದರೆ ಕಿವಿಗೆ ಬೀಳಬೇಕಲ್ಲ. ಒಂದು ಗಂಟೆ ಕೂತೆ. ಎರಡನೇ ಸೋಡಾ ಬಂತು. ಮೂಲೆಯ ಮೂವರಲ್ಲಿ ಒಬ್ಬ, ಪಾಪ, ಗಂಡನ್ನ ಹಿಡಿಯೋಕೆ ಬಂದಿರ್ಬೇಕು ಎಂದ. ಇನ್ನೊಬ್ಬ, ಯಾವನೋ ಇವತ್ತು ಸತ್ತ ಬಿಡು ಎಂದ. ಸೋಡಾದ ಗುಳ್ಳೆಗಳು ಮೇಲೆ ಬಂದು ಒಡೆಯುವುದನ್ನು ನೋಡುತ್ತಾ ಕೂತೆ.

ಆಮೇಲೆ ಒಳಗಿನಿಂದ ಕ್ಯಾಷಿಯರ್ ಗದರಿದ. "ಬಾರ್ ಮೇಲೆ ಒದ್ದೆ ಲೋಟ ಯಾರಪ್ಪ ಇಟ್ಟಿದ್ದು? ಈಗ ತಾನೆ ಅಂಗಡಿ ಎಲ್ಲಾ ಒರೆಸಿದ್ದಾರೆ."

ಮಡಿಕೆ ಬಿಡಿಸಿದೆ. ಒಳಗೆ, ‘ಬಾರ್ ಮೇಲೆ ಕೈ ಊರಬೇಡಿ ಸಾರ್, ಪಾಲಿಶ್ ಹೋಗುತ್ತೆ’ ಎಂದಿತ್ತು. ಹಿಂಬದಿಗೆ ರುಜು ಹಾಕಿದೆ.

ಬುಧವಾರ ಪಂಪಿನ ಅಂಗಡಿ. ಆ ಕಾರ್ಡಿಗಾಗಿ ಅವನು ದೊಡ್ಡವರೊಡನೆ ಜಗಳವಾಡಿದ್ದ. ಒತ್ತಡವನ್ನು ಅಳೆಯುವ ಬಾರ್ ಬೇರೆಯೇ ಶಬ್ದ, ಮರದ ಪಟ್ಟಿಗೂ ಅದಕ್ಕೂ ನೆಂಟಸ್ತಿಕೆಯಿಲ್ಲ. ತೂಕ ಎನ್ನುವುದಕ್ಕೆ ಗ್ರೀಕರು ಹೇಳುತ್ತಿದ್ದ ಬಾರೊಸ್ ಎಂಬುದರಿಂದ ವಿಜ್ಞಾನಿಗಳು ಅದನ್ನು ಕಡೆದರು. ಹಾಗಾದರೆ ಅದು ನಮ್ಮ ‘ಭಾರ’ದ ದಾಯಾದಿ ತಾನೆ ಎಂದು ದೊಡ್ಡವರು. ಅಲ್ಲ ಎಂದು ಇವನು. ಮುಖ ಒಂದೇ ಥರ ಇದ್ದ ಮಾತ್ರಕ್ಕೆ ಅಣ್ಣತಮ್ಮಂದಿರಾಗುವುದಿಲ್ಲ, ಭಾರದ ಬುಡ ಬೇರೆ. ಬಾರೊಸ್‌ನ ನಿಜವಾದ ಒಡಹುಟ್ಟು ಸಂಸ್ಕೃತದ ‘ಗುರು’, ತೂಕವುಳ್ಳದ್ದು ಎಂಬ ಅರ್ಥದ ಗುರು. ಎರಡು ದಿನ ಪುಸ್ತಕ ಮಗುಚಿ ದೊಡ್ಡವರು ಸೋಲೊಪ್ಪಿದ್ದರು. ಇಷ್ಟು ದಿನ ನನಗೆ ಗುರು ಸಿಕ್ಕಿರಲಿಲ್ಲ ಕಣಯ್ಯ ಎಂದು ಅವನ ಬೆನ್ನು ತಟ್ಟಿದ್ದರು. ಅವನು ಆ ದಿನ ಮನೆಗೆ ಬಂದು ಕುರ್ಚಿಯ ಮೇಲೆ ಹತ್ತಿ ನಿಂತು ಇದನ್ನು ಅತ್ತೆಗೆ ಹೇಳಿದ್ದು ನೆನಪಿದೆ. ನನಗೆ ನೆನಪುಗಳು ಇವೆ. ಅವು ಬಂದಾಗ ಏನೂ ಆಗುವುದಿಲ್ಲ, ಅಷ್ಟೇ.

ಪಂಪಿನ ಮೆಕ್ಯಾನಿಕ್ ಎಣ್ಣೆಗೈಯಲ್ಲಿ ಮೀಟರಿನ ಗಾಜು ತಟ್ಟುತ್ತಾ, ಆರು ಬಾರ್ ದಾಟಿದರೆ ಪೈಪು ಬಿಚ್ಚಿಕೊಂಡು ನಿನ್ನ ಮೀಸೆ ಬೋಳಿಸುತ್ತೆ ಎಂದು ಗಿರಾಕಿಯನ್ನು ಹೆದರಿಸಿದ. ಕಾದದ್ದು ಇಪ್ಪತ್ತು ನಿಮಿಷ. ರುಜು ಹಾಕಿದೆ.

ಉಳಿದದ್ದು ಒಂದು.

ಗುರುವಾರ ಬೆಳಿಗ್ಗೆ ಎಂಟಕ್ಕೆ ಸೋಪಿನ ಕಾರ್ಖಾನೆಯ ಗೇಟಿನಲ್ಲಿದ್ದೆ. ಕಾರ್ಡಿನ ಮೇಲೆ, ‘ಬಟ್ಟೆ ಸೋಪಿನ ಉದ್ದ ಗಟ್ಟಿ, ತುಂಡು ಮಾಡುವ ಮುಂಚಿನದು. ಸೋಪಿನ ಕಾರ್ಖಾನೆ, ಕತ್ತರಿಸುವ ಮೇಜು’ ಎಂದಿತ್ತು. ಗೇಟಿನವನು ನಮ್ಮ ಕಚೇರಿಯ ಚೀಟಿ ನೋಡಿ ಒಳಗೆ ಬಿಟ್ಟ. ಕತ್ತರಿಸುವ ವಿಭಾಗದ ಮೇಸ್ತ್ರಿ ಒಬ್ಬ ಹೆಂಗಸು, ಅಗಲ ಮುಖ, ತಲೆಗೆ ಬಟ್ಟೆ ಕಟ್ಟಿದ್ದಳು. ಎಲ್ಲರೂ ಮೇಸ್ತ್ರಿಯಮ್ಮ ಎನ್ನುತ್ತಿದ್ದರು. ನಾನು ಏತಕ್ಕೆ ಬಂದಿದ್ದೇನೆಂದು ಹೇಳುವಂತಿರಲಿಲ್ಲ. ಕೆಲಸ ನೋಡಲು ಬಂದಿದ್ದೇನೆ ಎಂದೆ. ನೋಡು, ಕಣ್ಣಿಗೇನು ಖರ್ಚು, ಕೈ ಮಾತ್ರ ಚಾಚಬೇಡ ಎಂದು ಸ್ಟೂಲು ಕೊಟ್ಟಳು.

ಯಂತ್ರದ ಬಾಯಿಂದ ಹಳದಿ ಸೋಪು ನಿಲ್ಲದೆ ಬರುತ್ತಿತ್ತು, ಬೆಚ್ಚಗೆ, ಹೊಳೆಯುತ್ತಾ, ನಾಲ್ಕು ಮೂಲೆಯ ಒಂದೇ ಎಳೆ. ಮೇಜಿನ ಈಚೆ ಆಚೆ ಎಂಟು ಹೆಂಗಸರು. ತಂತಿ ಬಿಗಿದ ಚೌಕಟ್ಟನ್ನು ಇಳಿಸಿದರೆ ಒಂದೇ ಏಟಿಗೆ ಹನ್ನೆರಡು ತುಂಡು. ನನ್ನ ಕಿವಿಗಳು ಆ ಸದ್ದಿನಲ್ಲಿ ಒಂದೇ ಶಬ್ದವನ್ನು ಹುಡುಕುತ್ತಿದ್ದವು. ಅವರು ಆಡದ ಮಾತಿರಲಿಲ್ಲ. ಒಬ್ಬಳ ಸೊಸೆಯ ಸೋಮಾರಿತನ, ಇನ್ನೊಬ್ಬಳ ಹಲ್ಲುನೋವು, ಮೇಸ್ತ್ರಿಯಮ್ಮನ ಗೊರಕೆ. ಯಂತ್ರ ಕೆಮ್ಮಿ ಮತ್ತೆ ಸೋಪು ಉಗುಳಿದಾಗ ಎಲ್ಲರೂ, ಹಾವು ಬಂತು, ಹಾವು ಹಿಡೀರೇ ಎನ್ನುತ್ತಿದ್ದರು. ಕತ್ತರಿಸುವ ಮುಂಚೆ ಹಾವು. ಕತ್ತರಿಸಿದಮೇಲೆ ತುಂಡು. ಬಾರ್ ಇಲ್ಲ.

ಊಟದ ಹೊತ್ತಾಯಿತು. ಊಟ ಮುಗಿದು ಮಧ್ಯಾಹ್ನದ ಕೆಲಸವೂ ಅರ್ಧ ಕಳೆಯಿತು. ಬಾರ್ ಎಂಬ ಶಬ್ದ ಒಮ್ಮೆ ಬಂತು. ಹಲ್ಲುನೋವಿನವಳು, ನಮ್ಮ ಮನೆಯವನು ಸೀದಾ ಬಾರಿಗೆ ಹೋಗ್ತಾನೆ, ಮನೆಗೆ ಬರ್ತಾ ಮಾತ್ರ ದಾರಿ ತಪ್ಪತ್ತೆ ಎಂದಳು. ಅದು ನನಗೆ ಬೇಕಾದದ್ದಲ್ಲ.

ನಾಲ್ಕು ಗಂಟೆಗೆ ನಿಯಮ ಮುರಿದು ಕೇಳಿದೆ. ಇದಕ್ಕೆ ಬಾರ್ ಅಂತೀರಾ ಎಂದೆ. ಮೇಸ್ತ್ರಿಯಮ್ಮ ಇಲ್ಲವೆಂದು ತಲೆಯಾಡಿಸಿದಳು. ಹಾಗೆ ಅನ್ನುವವರು ಅಂಗಡಿಯವರು, ಮನೆಯವರು. ಹದಿನೆಂಟು ವರ್ಷದಲ್ಲಿ ಈ ಮೇಜಿನಲ್ಲಿ ಯಾರೂ ಅಂದಿಲ್ಲ ಎಂದಳು. ಏಳೆಂಟು ತಿಂಗಳ ಹಿಂದೆ ಒಬ್ಬರು ಬಂದು ಕೇಳಿ ಬರೆದುಕೊಂಡು ಹೋಗಿದ್ದರಲ್ಲ, ತೆಳ್ಳಗೆ, ಎಡಗೈಯಲ್ಲಿ ಬರೆಯುವವರು ಎಂದೆ. ಅಂಥವರು ಯಾರೂ ಬಂದಿಲ್ಲ, ಈ ಸ್ಟೂಲಿನ ಮೇಲೆ ಕೂತವಳು ನೀನೇ ಮೊದಲು, ಅದು ನನ್ನ ಸ್ಟೂಲು ಎಂದಳು.

ಮಡಿಕೆ ಬಿಡಿಸಿದೆ. ಅವನ ಎಡಗೈ ಅಕ್ಷರಗಳು, ಎಂದಿನಂತೆ ಹಿಂದಕ್ಕೆ ವಾಲಿದ್ದವು.

‘ಬಾರ್ ಪೂರ್ತಿ ಕತ್ತರಿಸಿಟ್ಟುಬಿಟ್ರೆ ಗಾಳಿಗೆ ಒಣಗಿ ಬಿರುಕು ಬಿಡುತ್ತೆ, ಅರ್ಧ ಕತ್ತರಿಸು ಸಾಕು, ದಾರ ತಗೊಂಡು ಕತ್ತರಿಸು, ಚಾಕು ಮುಟ್ಟಬೇಡ. ಹೇಳಿದವರು: ಕತ್ತರಿಸುವ ಮೇಜಿನ ಹಿರಿಯ ಹೆಂಗಸು.’ ಕೆಳಗೆ ತಾರೀಖು.

ಮೇಸ್ತ್ರಿಯಮ್ಮ ಓದಿ ಹೇಳು ಎಂದಳು. ಓದಿದೆ.

"ಇದು ಇಲ್ಲಿನ ಮಾತಲ್ಲ ಕಣಮ್ಮ" ಎಂದಳು. "ನಮಗೆ ಅರ್ಧ ಕತ್ತರಿಸೋದು ಅಂತ ಎಲ್ಲಿದೆ? ಇದು ಯಾವಳೋ ಮನೆಯವಳು ಗಂಡನ್ನ ಬೈದಿರೋದು."

ಗೋಡೆಯ ಕ್ಯಾಲೆಂಡರಿನ ಹಿಂದಿನ ಹಾಳೆಗಳನ್ನು ಅವಳೇ ಮಗುಚಿ ನೋಡಿ, ಆ ತಾರೀಖು ಭಾನುವಾರ, ಭಾನುವಾರ ಯಂತ್ರಕ್ಕೂ ರಜ ಎಂದಳು.

ಭಾನುವಾರ ನಾವು ಬಟ್ಟೆ ಒಗೆಯುತ್ತಿದ್ದೆವು. ಅವನು ಸೋಪನ್ನು ಚಾಕುವಿನಿಂದ ಕತ್ತರಿಸಿ ಪುಡಿಪುಡಿ ಮಾಡುತ್ತಿದ್ದ. ನಾನು ಅಡುಗೆಮನೆಯಿಂದಲೇ ಕೂಗಿ ಹೇಳಿರಬೇಕು. ಆ ದಿನ ನೆನಪಿಲ್ಲ. ಆದರೆ ಮಾತು ನನ್ನದು. ಆ ದಾರವೂ ನನ್ನದೇ, ನಮ್ಮಮ್ಮ ಹಾಗೆ ಕತ್ತರಿಸುತ್ತಿದ್ದಳು. ಅವನು ಕಾರ್ಖಾನೆಗೆ ಹೋಗಿರಲಿಲ್ಲ. ಯಾಕೆ ಹೋಗಲಿಲ್ಲವೋ. ದೂರವೆಂದೋ, ಆಯಾಸವೆಂದೋ. ಇಪ್ಪತ್ತೊಂಬತ್ತು ವರ್ಷದ ನನ್ನನ್ನು ಹಿರಿಯ ಹೆಂಗಸು ಮಾಡಿ ಮೇಜಿನ ಮುಂದೆ ನಿಲ್ಲಿಸಿದ್ದ.

ಮೇಸ್ತ್ರಿಯಮ್ಮ ನೀರು ಕೊಟ್ಟಳು. ಕುಡಿದೆ. ಒಂದು ಹೊಸ ಕಾರ್ಡು ತೆಗೆದು, ಹಾವು ಎಂದು ಬರೆದು, ಆ ಹೆಂಗಸರ ಮಾತನ್ನು ಇದ್ದಹಾಗೆ ಇಳಿಸಿಕೊಂಡೆ. ಅದು ಇಂಗ್ಲಿಷ್ ಶಬ್ದವಲ್ಲ, ನಮ್ಮ ನಿಘಂಟಿಗೆ ಸಲ್ಲುವುದಿಲ್ಲ. ಆದರೂ ಬರೆದುಕೊಂಡೆ.

ಐದು ಗಂಟೆಗೆ ಕಚೇರಿ. ಡ್ರಾಯರ್ ಅಕ್ಕ ಕಾರ್ಡು ಓದಿದಳು, ತಾರೀಖು ನೋಡಿದಳು, ನಾನು ಹೇಳಿದ್ದನ್ನು ಕೇಳಿದಳು. ಬಾಗಿಲು ಮುಚ್ಚಿ ಬಂದು ಪೆನ್ನನ್ನು ನನ್ನ ಮುಂದಿಟ್ಟಳು.

"ರುಜು ಹಾಕು."

"ಅಕ್ಕ, ಅವನು ಅಲ್ಲಿಗೆ ಹೋಗೇ ಇಲ್ಲ."

"ಅರ್ಥ ಸುಳ್ಳಾ? ಮನೆಮನೇಲೂ ಬಾರ್ ಸೋಪು ಅಂತಾರೆ. ಬಾಯಿ ನಿನ್ನದು, ಕಿವಿ ನಿನ್ನದು. ಇದಕ್ಕಿಂತ ಗಟ್ಟಿ ಸಾಕ್ಷಿ ಯಾವ ಶಬ್ದಕ್ಕಿದೆ ಹೇಳು. ಆ ಮುದುಕಿ ಯಾರು ಅಂತ ಯಾರೂ ಹುಡುಕ್ಕೊಂಡು ಬರಲ್ಲ."

"ಹುಡುಕ್ಕೊಂಡು ಬರ್ತಾರೆ ಅಂತಾನೇ ಅಲ್ವಾ ನಾವು ಜಾಗ ಬರೆಯೋದು?"

ಅವಳು ಪೆನ್ನನ್ನು ಇನ್ನಷ್ಟು ಹತ್ತಿರ ತಳ್ಳಿದಳು. ನಾನು ಮನಸ್ಸಿನಲ್ಲಿ ಎರಡೂ ಮಾಡಿ ನೋಡಿದೆ. ರುಜು ಹಾಕಿದರೆ ನಾಳೆ ಅವನ ಎರಡಕ್ಷರ ಅಚ್ಚಾಗುತ್ತದೆ. ಅತ್ತೆ ಅದರ ಮೇಲೆ ಬೆರಳಿಡುತ್ತಾರೆ. ಆ ಬೆರಳಿನ ಎರಡಂಗುಲ ಮೇಲೆ ಇಲ್ಲದ ಒಬ್ಬ ಮುದುಕಿ ಆಡದ ಮಾತು ಇರುತ್ತದೆ. ವಕೀಲ, ಕ್ಯಾಷಿಯರ್, ಮೆಕ್ಯಾನಿಕ್, ಅವನು ಬಿಸಿಲಲ್ಲಿ ಅಲೆದು ಕೇಳಿ ತಂದ ಎಲ್ಲರ ಮಾತಿನ ಜೊತೆ. ಹದಿನಾರು ಕಾರ್ಡು ನಿಜ. ಹದಿನೇಳನೆಯದು ಸುಳ್ಳೆಂದು ನನಗೆ ಗೊತ್ತಿದ್ದರೆ, ಮುಂದೆ ನಾನು ಆ ಹದಿನಾರನ್ನೂ ನಂಬದೆ ಓದುತ್ತೇನೆ. ಅದು ನನಗೆ ಬೇಡವಾಗಿತ್ತು. ಅವನು ತಂದದ್ದನ್ನು ನಾನು ನಂಬಬೇಕಿತ್ತು.

ಕಾರ್ಡು ಹಿಡಿದು ದೊಡ್ಡವರ ಕೋಣೆಗೆ ಹೋದೆ. ಎಲ್ಲ ಹೇಳಿದೆ. ಅವರು ಓದಿ, ಮೇಜಿನ ಮೇಲೆ ಮಗುಚಿಟ್ಟರು. ನಾನು ಇವತ್ತು ಬೇಗ ಮನೆಗೆ ಹೋದೆ, ಈ ಕಾರ್ಡನ್ನು ನೋಡಲೇ ಇಲ್ಲ ಎಂದುಕೊಳ್ಳುತ್ತೇನೆ ಎಂದರು. ಮೂವತ್ತು ವರ್ಷ ಆ ನಿಯಮವನ್ನು ಕಾಯ್ದವರು. ಅವನ ಬೆನ್ನು ತಟ್ಟಿದ್ದ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದರು.

"ಬೇಡ ಸಾರ್" ಎಂದೆ.

ಅವರ ಮೇಜಿನ ಕೆಂಪು ಪೆನ್ನು ತೆಗೆದುಕೊಂಡೆ. ‘ಸೋಪಿನ ಕಾರ್ಖಾನೆ, ಕತ್ತರಿಸುವ ಮೇಜು’ ಎನ್ನುವುದನ್ನು ಹೊಡೆದು ‘ಮನೆ’ ಎಂದು ಬರೆದೆ. ‘ಕತ್ತರಿಸುವ ಮೇಜಿನ ಹಿರಿಯ ಹೆಂಗಸು’ ಎನ್ನುವುದನ್ನು ಹೊಡೆದು ‘ಹೆಂಡತಿ’ ಎಂದು ಬರೆದೆ. ಕಟ್ಟಿನ ಮೊದಲ ಕಾರ್ಡಿನಲ್ಲಿ ಅವನ ಎರಡಕ್ಷರ ಇತ್ತು. ಅದರ ಮೇಲೊಂದು ಗೆರೆ ಎಳೆದು ಪಕ್ಕದಲ್ಲಿ ನನ್ನ ಎರಡಕ್ಷರ ಬರೆದೆ.

ದೊಡ್ಡವರು ಕನ್ನಡಕ ತೆಗೆದು, "ಈಗ ಜಾಗ ನಿಮ್ಮ ಮನೆ ಆಯ್ತು. ಎರಡನೇ ಕಿವಿ ಯಾರು? ಅಚ್ಚಿಗೆ ಹೋಗೋದು ನಾಳೆ ಹತ್ತು ಗಂಟೆಗೆ" ಎಂದರು.

ಡ್ರಾಯರ್ ಅಕ್ಕ ಬಾಗಿಲಲ್ಲಿ ನಿಂತಿದ್ದಳು, ಆಗಲೇ ಚೀಲ ಹೆಗಲಿಗೇರಿಸಿ.

ಮನೆ ಮುಟ್ಟಿದಾಗ ಆರೂವರೆ. ಅಕ್ಕ ಸುಮ್ಮನೆ ನೋಡಿಕೊಂಡು ಹೋಗಲು ಬಂದಿದ್ದಾಳೆ ಎಂದು ಅತ್ತೆಗೆ ಹೇಳಿದೆ. ಮಡಿಕೆಯೊಳಗಿನದನ್ನು ಅಕ್ಕ ಆಗಲೇ ಓದಿಯಾಗಿತ್ತು, ಉಳಿದ ನಿಯಮದಂತಾದರೂ ಯಾರೂ ಕೇಳಬಾರದು, ಮಾತು ತಾನಾಗಿ ಬರಬೇಕು. ಹೇಳಬೇಕಾದವಳು ನಾನು. ನನಗೆ ಎಲ್ಲ ಗೊತ್ತಿದ್ದುದರಿಂದ ಬಾಯಿ ಕಟ್ಟಿಹೋಗಿತ್ತು. ಚಹಾ ಆಯಿತು. ಅಕ್ಕ ಬಾತ್‌ರೂಮಿನ ಪಕ್ಕದ ಬೆಂಚನ್ನೇ ಆರಿಸಿಕೊಂಡು ಕೂತು, ತನ್ನ ಮಂಡಿನೋವಿನ ಕತೆಯನ್ನು ಎರಡು ಸಲ ಹೇಳಿದಳು. ಮೂರು ವಾರದ ಬಟ್ಟೆ ಬಕೆಟ್ಟಿನಲ್ಲಿತ್ತು. ನಾನು ಬಕೆಟ್ಟನ್ನು ಎಳೆದುಕೊಂಡು, ಒಗೆಯುವ ಕಲ್ಲಿನ ಮುಂದೆ ಸುಮ್ಮನೆ ಕೂತೆ.

ಅತ್ತೆ ಒಳಗಿನಿಂದ ಇಣುಕಿದರು.

"ಬಟ್ಟೆ ಮುಂದೆ ಧ್ಯಾನ ಮಾಡ್ತಾ ಕೂತ್ರೆ ಕೊಳೆ ಹೋಗತ್ತಾ? ಶೆಲ್ಫ್ ಮೇಲೆ ಹೊಸ ಬಾರ್ ಇದೆ, ತಗೊಂಡು ಎರಡು ತುಂಡು ಮಾಡ್ಕೊ. ಅವನ ಥರ ಚಾಕು ಹಾಕಿ ಹಾಳುಮಾಡಬೇಡ."

ಅಕ್ಕ ಚೀಲದಿಂದ ಕಾರ್ಡು ತೆಗೆದು, ಮಂಡಿಯ ಮೇಲಿಟ್ಟು ಹಿಂಬದಿಗೆ ರುಜು ಹಾಕಿದಳು. ಅವಳ ಮೂಗು ಕೆಂಪಾಗಿತ್ತು. ನಾಳೆ ಬೆಳಿಗ್ಗೆ ಸಿಗುತ್ತೇನೆ ಎಂದು ಎದ್ದು ಹೋದಳು.

ಅದೇನು ಬರೆದಳು ಎಂದು ಅತ್ತೆ ಕೇಳಿದರು. ಕೈ ಒರೆಸಿಕೊಂಡು ಅವರ ಎದುರು ಕೂತು ಹೇಳಿದೆ. ಕಾರ್ಖಾನೆ, ಭಾನುವಾರ, ನನ್ನ ಮಾತು, ಕೆಂಪು ಪೆನ್ನು. ಅವನ ಅಕ್ಷರ ಬರುವುದಿಲ್ಲ ಎನ್ನುವುದನ್ನು ಕೊನೆಗೆ ಇಡದೆ ನಡುವೆಯೇ ಹೇಳಿದೆ.

ಅತ್ತೆ ನೆಲ ನೋಡುತ್ತಾ ಕೇಳಿಸಿಕೊಂಡರು. ತರಕಾರಿಯವಳಿಗೆ ಏನು ಹೇಳುವುದೆಂದು ಯೋಚಿಸುತ್ತಿರಬಹುದು ಎನಿಸಿತು. ಅವರು ಬೇರೇನೋ ಹೇಳಿದರು. ಅವನಿಗೆ ಹನ್ನೊಂದು ವರ್ಷವಿದ್ದಾಗ ಒಂದು ಕಾಗದ ಕೊಟ್ಟು ಪೋಸ್ಟಾಫೀಸಿಗೆ ಕಳಿಸಿದ್ದರಂತೆ. ಹಾಕಿ ಬಂದೆ ಅಂದನಂತೆ. ಪೋಸ್ಟ್‌ಮಾಸ್ಟರು ಏನಂದರು, ಅಲ್ಲಿ ಎಷ್ಟು ಜನ ಇದ್ದರು, ಎಲ್ಲ ವಿವರವಾಗಿ ಹೇಳಿದನಂತೆ. ಎರಡು ತಿಂಗಳ ಮೇಲೆ ಕಾಗದ ಅವನ ಭೂಗೋಳ ಪುಸ್ತಕದಲ್ಲಿ ಸಿಕ್ಕಿತಂತೆ.

"ಪೋಸ್ಟ್‌ಮಾಸ್ಟರಿಗೆ ನೆಗಡಿ ಆಗಿತ್ತು ಅಂತ ಬೇರೆ ಹೇಳಿದ್ದ" ಎಂದರು ಅತ್ತೆ.

ಅವರು ನಗಲು ಶುರುಮಾಡಿದರು. ನಗು ಎಲ್ಲಿ ಅಳುವಾಯಿತೆಂದು ನನಗೆ ಗೊತ್ತಾಗಲಿಲ್ಲ. ನಾನು ಪಕ್ಕಕ್ಕೆ ಹೋಗಿ ಕೂತೆ. ಅವರ ಬೆನ್ನಿನ ಮೇಲೆ ಕೈಯಿಟ್ಟೆ. ನನಗಿನ್ನೂ ಬರಲಿಲ್ಲ. ಬರುವಾಗ ಬರಲಿ ಎಂದುಕೊಂಡೆ.

ಸ್ವಲ್ಪ ಹೊತ್ತಿಗೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಅತ್ತೆ ಕೇಳಿದರು.

"ಹಾಗಾದ್ರೆ ಈಗ ಅಲ್ಲಿರೋದು ನಿನ್ನ ಅಕ್ಷರ?"

"ಹೌದು ಅತ್ತೆ."

"ಯಾರಾದ್ರೂ ತಪ್ಪು ಅಂತ ಕಾಗದ ಬರೆದ್ರೆ?"

"ನಾನು ಉತ್ತರ ಕೊಡ್ಬೇಕು."

"ಅವನು ಬರೆದದ್ದಕ್ಕೂ?"

"ಹದಿನೇಳಕ್ಕೂ."

ಅತ್ತೆ ತಲೆಯಾಡಿಸಿದರು. "ಕೊಡು ಮತ್ತೆ" ಎಂದರು. "ಪೋಸ್ಟಾಫೀಸಿಗೆ ಮಾತ್ರ ನೀನೇ ಹೋಗಿ ಹಾಕು."